ತೊಟ್ಟಿಲಲ್ಲಿ ಕೂಸು, ಬಾಗಿಲಲ್ಲಿ ಬೆಕ್ಕು



ತೆಲುಗು ಊರಿಗೆ ಬಂದ ಕನ್ನಡದವರಿಗೆ ಮೊದಮೊದಲು ಒಂದು ಗೊಂದಲ ಆಗಿಯೇ ಆಗುತ್ತದೆ. ಇಲ್ಲಿ ಮಕ್ಕಳಿಗೆ ‘ಪಿಲ್ಲಲು’ ಅಂತಾರೆ, ಬೆಕ್ಕುಗಳಿಗೆ ‘ಪಿಲ್ಲುಲು’. ವಿಶಾಖಪಟ್ಟಣಕ್ಕೆ ಬಂದ ಹೊಸತರಲ್ಲಿ ಪಕ್ಕದ ಮನೆಯಾಕೆಯನ್ನು ಬಲು ಗೌರವದಿಂದ “ಮೀ ಪಿಲ್ಲುಲು ಎಲಾ ಉನ್ನಾರು?” ಎಂದು ವಿಚಾರಿಸಿದ್ದೆ. ಆಕೆಗೆ ನಗು ತಡೆಯಲಾಗಲಿಲ್ಲ. ನಾನು ಕೇಳಿದ್ದು ಮಕ್ಕಳ ಯೋಗಕ್ಷೇಮವಲ್ಲ, ಬೆಕ್ಕುಗಳದ್ದು!

ಹತ್ತು ವರ್ಷದ ಮೇಲೆ ಆ ಎರಡೂ ಪದಗಳು ಒಟ್ಟಿಗೇ ನಮ್ಮ ಮನೆಯ ಫೋನಿಗೆ ಬಂದವು. 2024ರ ಸೆಪ್ಟೆಂಬರ್ 1, ಭಾನುವಾರ. ವಿಜಯವಾಡದಲ್ಲಿ ಬುಡಮೇರು ಉಕ್ಕಿ ಸಿಂಗ್‌ನಗರದ ಬೀದಿಗಳಿಗೆ ನುಗ್ಗಿದ ದಿನ. ಅತ್ತ ಕೃಷ್ಣೆಯೂ ತುಂಬಿ ಹರಿಯುತ್ತಿದ್ದಳು. ಮರುದಿನದ ಹೊತ್ತಿಗೆ ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿತ್ತು. ಅಲ್ಲಿ ಮೊದಲ ಮಹಡಿಯಲ್ಲಿ ನನ್ನ ತಂಗಿಯ ಮನೆ. ಅವಳ ಮಗುವಿಗೆ ಆಗ 22 ದಿನ. ಕರೆಂಟಿಲ್ಲ, ಫೋನಿನಲ್ಲಿ ಚಾರ್ಜ್ ಇಲ್ಲ. ಇದ್ದಷ್ಟರಲ್ಲೇ ಕೇಳಿದಳು: “ಅಕ್ಕಾ, ಮೆಟ್ಟಿಲ ಮೇಲೆ ಒಂದು ಬೆಕ್ಕು ಬಂದು ಕೂತಿದೆ. ಪೂರ್ತಿ ನೆನೆದಿದೆ, ಬಸುರಿ ಅನ್ಸತ್ತೆ. ಕೆಳಗೆ ನೀರು ಏರ್ತಾ ಇದೆ. ಒಳಗೆ ಬಿಡಲಾ, ಬೇಡವಾ?” ಹಿಂದಿನಿಂದ ದಾವಣಗೆರೆಯ ಅವಳ ಅತ್ತೆ ಇನ್ನೊಂದು ಫೋನಿನ ಸ್ಪೀಕರಿನಲ್ಲಿ ಹೇಳುತ್ತಿದ್ದುದು ನನಗೂ ಕೇಳಿಸಿತು: “ಬಾಣಂತಿ ಮನೆಗೆ ಬೆಕ್ಕು ಸೇರಿಸ್ಬೇಡಮ್ಮ.”

ಇಂಥದೇ ಪ್ರಶ್ನೆಯನ್ನು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಆಗಾಗ ಕೇಳುಗರೂ ಕೇಳುತ್ತಾರೆ. ಬ್ಯಾಂಕಿನ ವರ್ಗಾವಣೆ, ಉಕ್ಕಿನ ಕಾರ್ಖಾನೆ, ನೌಕಾಪಡೆ, ರೈಲ್ವೆ, ಹೋಟೆಲು ಅಂತ ಊರು ಬಿಟ್ಟು ಬಂದಿರುವ ನಮಗೆ ಪಕ್ಕದಲ್ಲಿ ಅಜ್ಜಿಯಿಲ್ಲ, ಹಿತ್ತಿಲಿಲ್ಲ, ಬೆಕ್ಕನ್ನು ಬಿಡಲು ಕೊಟ್ಟಿಗೆಯೂ ಇಲ್ಲ. ಎರಡು ಕೋಣೆಯ ಫ್ಲಾಟಿನಲ್ಲೇ ಕೂಸೂ ಇರಬೇಕು, ಬೆಕ್ಕೂ ಇರಬೇಕು. ಅದಕ್ಕೇ ಈ ಸಲ ಇದನ್ನೇ ಕೂತು ಮಾತಾಡೋಣ.

ಒಂದು ಬಾಗಿಲು ತೆರೆಯಿರಿ, ಇನ್ನೊಂದು ಮುಚ್ಚಿ

ತಂಗಿಗೆ ನಾನು ಹೇಳಿದ್ದು ಇಷ್ಟೇ: “ಒಳಗೆ ಬಿಡು. ಆದರೆ ಮನೆಯೊಳಗಲ್ಲ, ಬಟ್ಟೆ ಒಗೆಯುವ ಬಾಲ್ಕನಿಗೆ ಬಿಡು. ಮಧ್ಯದ ಬಾಗಿಲು ಹಾಕು. ಬೆಕ್ಕನ್ನ ನೀನು ಮುಟ್ಟಬೇಡ.”

ಬೀದಿಯ ಬೆಕ್ಕನ್ನು ಮನೆಗೆ ತರುವಾಗ ಮೊದಲ ನಿಯಮವೇ ಇದು. ಕನಿಷ್ಠ ಎರಡು ವಾರ ಅದಕ್ಕೆ ಬೇರೆಯೇ ಜಾಗ ಇರಬೇಕು. ಒಂದು ಬಾಲ್ಕನಿಯೋ ಬಚ್ಚಲೋ ಸಾಕು. ಒಂದು ರಟ್ಟಿನ ಪೆಟ್ಟಿಗೆ, ಹಳೆಯ ಸೀರೆ, ನೀರಿನ ಬಟ್ಟಲು, ಅದರಿಂದ ದೂರದಲ್ಲಿ ಮರಳೋ ಮರದ ಹೊಟ್ಟೋ ತುಂಬಿದ ಟ್ರೇ. ಮೇ ತಿಂಗಳ ವಿಜಯವಾಡವಾದರೆ ನೆರಳೂ ಗಾಳಿಯೂ ಆಗಲೇಬೇಕು, ಬಿಸಿಲಿಗೆ ಬೀಳುವ ಬಾಲ್ಕನಿ ಒಲೆಯಿದ್ದ ಹಾಗೆ. ಈ ಎರಡು ವಾರದಲ್ಲಿ ಶೀತ, ಭೇದಿ, ಚರ್ಮದ ರೋಗಗಳಿದ್ದರೆ ಕಣ್ಣಿಗೆ ಬೀಳುತ್ತವೆ. ಅಷ್ಟರಲ್ಲಿ ಪಶುವೈದ್ಯರ ಹತ್ತಿರ ಒಯ್ದು ಜಂತುಹುಳುವಿನ ಔಷಧ, ಚಿಗಟದ ಔಷಧ, ಲಸಿಕೆ ಎಲ್ಲ ಹಾಕಿಸಬಹುದು.

ಬಾಣಂತಿ ಮಗುವಿನ ಕೆಲಸ ನೋಡಿಕೊಳ್ಳಲಿ, ಬೆಕ್ಕಿನ ಕೆಲಸವನ್ನು ಮನೆಯ ಇನ್ನೊಬ್ಬರು ನೋಡಿಕೊಳ್ಳಲಿ. ಬೆಕ್ಕಿನ ಬಳಿಯಿಂದ ಬಂದವರು ಸೋಪಿನಲ್ಲಿ ಕೈ ತೊಳೆದು, ಅಂಗಿ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಬೇಕು. ಹೊಕ್ಕಳು ಇನ್ನೂ ಒಣಗದ ಕೂಸಿದ್ದರೆ ಇದನ್ನು ಎರಡು ಪಟ್ಟು ಪಾಲಿಸಿ.

ಬೆಕ್ಕು ಕೂಸಿನ ಉಸಿರು ಕದಿಯುತ್ತದೆಯೇ?

ಎದೆಹಾಲಿನ ವಾಸನೆಗೆ ಬಂದು ಬೆಕ್ಕು ಮಗುವಿನ ಉಸಿರು ಹೀರುತ್ತದೆ ಎಂಬ ಮಾತು ನಮ್ಮಲ್ಲೂ ಇದೆ, ದೂರದ ದೇಶಗಳಲ್ಲೂ ಇದೆ. ಉಸಿರು ಹೀರುವ ವಿದ್ಯೆ ಯಾವ ಬೆಕ್ಕಿಗೂ ಗೊತ್ತಿಲ್ಲ. ಹಾಗಂತ ಅಜ್ಜಿಯರ ಭಯವನ್ನು ನಕ್ಕು ತಳ್ಳಿಹಾಕಬೇಡಿ, ಅದರ ಬುಡದಲ್ಲಿ ಒಂದು ನಿಜವಿದೆ. ಬೆಕ್ಕಿಗೆ ಬೆಚ್ಚಗಿನ ಜಾಗ ಬೇಕು, ಮಲಗಿದ ಕೂಸಿಗಿಂತ ಬೆಚ್ಚಗಿನದು ಮನೆಯಲ್ಲಿ ಇನ್ನೇನಿದೆ? ಮೂರು ನಾಲ್ಕು ತಿಂಗಳವರೆಗೆ ಮಗುವಿಗೆ ಮುಖದ ಮೇಲೆ ಬಿದ್ದದ್ದನ್ನು ಸರಿಸಲು, ತಲೆ ಹೊರಳಿಸಿ ತಪ್ಪಿಸಿಕೊಳ್ಳಲು ಬಾರದು. ಬೆಕ್ಕು ಪ್ರೀತಿಯಿಂದಲೇ ಮುಖದ ಪಕ್ಕ ಸುತ್ತಿ ಮಲಗಿದರೂ ಅಪಾಯವೇ.

ಆದ್ದರಿಂದ ಮಗು ಮಲಗುವ ಕೋಣೆಗೆ ಬೆಕ್ಕಿಗೆ ಪ್ರವೇಶವಿಲ್ಲ, ಹಗಲಾಗಲಿ ರಾತ್ರಿಯಾಗಲಿ. ಛತ್ರಿಯಂತೆ ಮುಚ್ಚುವ ಸೊಳ್ಳೆಪರದೆ ಸಾಲದು. ಬೆಕ್ಕು ಮೇಲೆ ಹಾರಿದರೆ ಅದು ಕುಸಿದು ಮಗುವಿನ ಮೇಲೇ ಬೀಳುತ್ತದೆ. ಸೀರೆ ಕಟ್ಟಿದ ಜೋಳಿಗೆಯಂತೂ ಬೆಕ್ಕಿಗೆ ಹೇಳಿ ಮಾಡಿಸಿದ ಉಯ್ಯಾಲೆ. ಕೋಣೆಯ ಬಾಗಿಲಿಗೆ ಗಟ್ಟಿ ಜಾಲರಿ ಹಾಕಿಸುವುದು ಎಲ್ಲಕ್ಕಿಂತ ಒಳ್ಳೆಯದು. ಗಾಳಿಯೂ ಆಡುತ್ತದೆ, ಮಗು ಅತ್ತರೆ ಕೇಳಿಸುತ್ತದೆ, ಸೊಳ್ಳೆಯೂ ಬರದು.

ಶಬ್ದದ ಕೆಲಸ ಮಾಡುವವಳಾದ್ದರಿಂದ ಒಂದು ಸಂಗತಿ ಹೇಳದೇ ಇರಲಾರೆ. ಬೆಕ್ಕು ಹಸಿದಾಗ ಯಜಮಾನರ ಕಾಲು ಸವರುತ್ತಾ ಗುರುಗುಡುತ್ತದಲ್ಲ, ಆ ಗುರುಗುಟ್ಟುವಿಕೆಯ ನಡುವೆ ಒಂದು ಎತ್ತರದ ಸ್ವರ ಅಡಗಿರುತ್ತದೆ. ಅದು ಹಸುಗೂಸಿನ ಅಳುವಿನ ಸ್ಥಾಯಿಗೆ ಹತ್ತಿರ ಎಂದು 2009ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕರೆನ್ ಮೆಕೂಂಬ್ ಮತ್ತು ಸಂಗಡಿಗರು ತೋರಿಸಿದರು. ನಮಗೆ ಅದನ್ನು ಕೇಳಿ ಸುಮ್ಮನೆ ಕೂರಲಾಗದು. ಬಾಣಂತಿಯ ಕಿವಿಗಂತೂ ಆಗದು! ತಂಗಿ ಬಾಗಿಲು ತೆರೆದದ್ದು ಬರೀ ದಯೆಯಿಂದಲ್ಲವೇನೋ.

ಆ ಉದ್ದ ಹೆಸರಿನ ರೋಗ

ಬಸುರಿಯರಿಗೆ ಬೆಕ್ಕು ಆಗದು ಎನ್ನುವಾಗ ಡಾಕ್ಟರುಗಳು ಹೇಳುವ ಹೆಸರು ಟಾಕ್ಸೊಪ್ಲಾಸ್ಮಾ. ಕಣ್ಣಿಗೆ ಕಾಣದ ಪರೋಪಜೀವಿ. ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ ಅದು ಮೊಟ್ಟೆಯಂಥ ಕೋಶಗಳನ್ನು ಮಾಡಿ ಮಲದಲ್ಲಿ ಹೊರಹಾಕುತ್ತದೆ. ಬಸುರಿಗೆ ಈ ಸೋಂಕು ಜೀವನದಲ್ಲಿ ಮೊದಲ ಬಾರಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿನ ಕಣ್ಣಿಗೂ ಮೆದುಳಿಗೂ ಪೆಟ್ಟು ಬೀಳಬಹುದು. ಹೆದರಿಕೆ ಸುಳ್ಳಲ್ಲ.

ಆದರೆ ಪೂರ್ತಿ ಲೆಕ್ಕ ನೋಡಿ. ಬೆಕ್ಕು ಸಾಮಾನ್ಯವಾಗಿ ತನಗೆ ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ ಮಾತ್ರ ಆ ಕೋಶಗಳನ್ನು ಹೊರಹಾಕುತ್ತದೆ. ಹೊರಬಿದ್ದ ಕೋಶ ಆ ಕ್ಷಣದಲ್ಲಿ ಸೋಂಕು ತರುವುದಿಲ್ಲ, ಬಲಿಯಲು ಒಂದರಿಂದ ಐದು ದಿನ ಬೇಕು. ಅಂದರೆ ದಿನಕ್ಕೊಮ್ಮೆ ತಪ್ಪದೆ ಟ್ರೇ ಶುಚಿ ಮಾಡಿ ಕುದಿಯುವ ನೀರು ಸುರಿದರೆ ಅರ್ಧ ಯುದ್ಧ ಗೆದ್ದಂತೆ. ಬೆಕ್ಕನ್ನು ಸವರಿದ ಮಾತ್ರಕ್ಕೆ ಇದು ಬರುವುದು ಅಪರೂಪ. ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ಮಣ್ಣಾದ ಕೈಗಳಿಂದಲೂ ಇದೇ ರೋಗ ಬರುತ್ತದೆ. ಮಗು ಹುಟ್ಟಿದ ಮೇಲೆ ಹಾಲುಣಿಸುವ ತಾಯಿ ಈ ಒಂದು ಕಾರಣಕ್ಕೆ ಹಾಲು ನಿಲ್ಲಿಸಬೇಕಿಲ್ಲ. ಮತ್ತೆ ಬಸುರಿಯಾದರೆ ಮಾತ್ರ ಟ್ರೇ ಮುಟ್ಟುವ ಕೆಲಸವನ್ನು ಗಂಡನಿಗೇ ವಹಿಸಿ. ಎಲ್ಲ ಕಾಲಕ್ಕೂ ಅವರೇ ಮಾಡಿದರೂ ತಪ್ಪೇನಿಲ್ಲ!

ಮಗು ಅಂಬೆಗಾಲಿಡುವ ಹೊತ್ತಿಗೆ ಇನ್ನೊಂದು ಎಚ್ಚರ ಬೇಕು. ನೆಲದಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು ಅದು. ಟ್ರೇ ಮಗುವಿನ ಕೈಗೆ ಸಿಗುವ ಕಡೆ ಇರಲೇಬಾರದು. ಅಪಾರ್ಟ್‌ಮೆಂಟಿನ ಕೆಳಗೆ ಕಟ್ಟಡದ ಕೆಲಸಕ್ಕೆ ಸುರಿದ ಮರಳಿನ ರಾಶಿಯೂ ಬೀದಿ ಬೆಕ್ಕುಗಳ ಕಕ್ಕಸೇ ಎಂಬುದು ನೆನಪಿರಲಿ.

ಪರಚಿದರೆ ಮುಂದೇನು?

ನಿಜವಾಗಿ ಹೆದರಬೇಕಾದದ್ದು ರೇಬೀಸ್‌ಗೆ. ಅದು ನಾಯಿಯದೊಂದೇ ರೋಗವಲ್ಲ, ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದ ಮನುಷ್ಯರಿಗೂ ಬರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಅಪರೂಪ. ಎರಡು ವಾರ ಬೇರೆ ಇಟ್ಟದ್ದೂ ಇದಕ್ಕೆ ಖಾತರಿಯಲ್ಲ, ರೋಗ ತಿಂಗಳುಗಟ್ಟಲೆ ಒಳಗೇ ಅಡಗಿರಬಹುದು. ಬೆಕ್ಕಿನ ಮರಿಗೆ ಮೂರು ತಿಂಗಳು ತುಂಬಿದ ಕೂಡಲೇ ರೇಬೀಸ್ ಲಸಿಕೆ ಹಾಕಿಸಿ, ವರ್ಷ ವರ್ಷವೂ ವೈದ್ಯರು ಹೇಳಿದಂತೆ ಮುಂದುವರಿಸಿ.

ತಂಗಿಯ ಮನೆಗೆ ಬಂದ ಬೆಕ್ಕು ನೀರಿಳಿಯುವ ಮೊದಲೇ ಬಾಲ್ಕನಿಯಲ್ಲಿ ಮೂರು ಮರಿ ಹಾಕಿತು. ಕೆಳಗೆ ದೋಣಿಗಳಲ್ಲಿ ಹಾಲು, ಮೇಲೆ ಡ್ರೋನುಗಳಲ್ಲಿ ಊಟದ ಪೊಟ್ಟಣ ಬರುತ್ತಿದ್ದ ದಿನಗಳು. ಮನೆಯೊಳಗೆ ಇಬ್ಬರು ಬಾಣಂತಿಯರು! ಒಂದು ದಿನ ತಂಗಿಯ ಗಂಡ ಪೆಟ್ಟಿಗೆ ಸರಿಸಲು ಹೋದಾಗ ತಾಯಿ ಬೆಕ್ಕು ಮುಂಗೈ ಪರಚಿತು. ಸಣ್ಣ ಗೆರೆ, ಎರಡು ಹನಿ ರಕ್ತ. ಅವರು “ಏನಾಗಲ್ಲ ಬಿಡು” ಅಂದರು. ಆ ರಾತ್ರಿ ಫೋನಿನಲ್ಲಿ ನಾನು ಅವರ ಜೊತೆ ಜಗಳವನ್ನೇ ಆಡಬೇಕಾಯಿತು. “ನಿಮಗಾಗಿ ಬೇಡ, ಆ ಕೂಸಿನ ಮುಖ ನೋಡಿ ಹೋಗಿ” ಎಂದ ಮೇಲೆ ಹೊರಟರು.

ಮಾಡಬೇಕಾದದ್ದು ಇಷ್ಟು. ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿನ ಹದಿನೈದು ನಿಮಿಷ ಎರಡೇ ನಿಮಿಷವಾಗಿರುತ್ತದೆ. ಸುಣ್ಣ, ಅರಿಶಿನ, ಕಾರದ ಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ಬಾರದ ಪರಚು ಗಾಯಕ್ಕೂ ಲಸಿಕೆ ಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯಕ್ಕೇ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಸಹ ಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7 ಮತ್ತು 28ನೆಯ ದಿನ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ. ಹೊಕ್ಕಳ ಸುತ್ತ 14 ಇಂಜೆಕ್ಷನ್ ಎಂಬುದು ನಮ್ಮ ಅಪ್ಪ ಅಮ್ಮನ ಕಾಲದ ಕಥೆ, ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತಿತು. ಬಸುರಿಗೂ, ಹಾಲುಣಿಸುವ ತಾಯಿಗೂ, ಹಸುಗೂಸಿಗೂ ಈಗಿನ ಲಸಿಕೆ ಕೊಡಬಹುದು. ಬೆಕ್ಕು ಕಚ್ಚಿದ ಮೇಲೆ 10 ದಿನ ಆರೋಗ್ಯವಾಗಿದೆಯೇ ಎಂದು ಗಮನಿಸುವುದು ಸರಿ, ಆದರೆ ಗಮನಿಸುತ್ತಾ ಲಸಿಕೆ ತಡಮಾಡುವುದು ತಪ್ಪು. ಲಸಿಕೆ ಶುರು ಮಾಡಿ, ಆಮೇಲೆ ಗಮನಿಸಿ.

ಬೆಕ್ಕಿನ ಪರಚಿನಿಂದ ಜ್ವರ, ಕಂಕುಳಲ್ಲಿ ಗಂಟು ತರುವ ಬೇರೊಂದು ರೋಗವೂ ಇದೆ. ಅದರ ರೋಗಾಣುವನ್ನು ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಒಯ್ಯುವುದು ಚಿಗಟ. ಮರಿಬೆಕ್ಕುಗಳಿಂದ ಹುಳುಕಡ್ಡಿ ಬರುವುದೂ ಸಾಮಾನ್ಯ. ಮನೆಯವರ ಮೈಮೇಲೆ ದುಂಡನೆಯ ಕೆಂಪು ಕಲೆ ಕಂಡರೆ ಮಗುವನ್ನು ಎತ್ತಿಕೊಳ್ಳುವ ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ.

ನಾನು ಮಾಡಿದ ತಪ್ಪು

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣವಿದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಬೀದಿಯ ಮರಗಳೆಲ್ಲ ನೆಲ ಕಚ್ಚಿದ್ದವು. ಮೂರನೆಯ ದಿನ ನಮ್ಮ ಗೇಟಿನ ಬಳಿ ಮುರಿದ ಕೊಂಬೆಗಳ ಕೆಳಗೆ ಬೂದು ಬಣ್ಣದ ಒಂದು ಮರಿ ಸಿಕ್ಕಿತು. ಮೈತುಂಬ ಚಿಗಟ. ನಾಯಿಯ ಉಣ್ಣೆಗೆ ಹಾಕುವ ಪುಡಿಯ ಡಬ್ಬಿ ಮನೆಯಲ್ಲಿತ್ತು. ನಾಯಿಗೆ ಆಗುವುದು ಬೆಕ್ಕಿಗೆ ಆಗದೇ ಎಂದುಕೊಂಡು ಉದುರಿಸಿ ಉಜ್ಜಿದೆ. ಸಂಜೆಯ ಹೊತ್ತಿಗೆ ಮರಿ ನಡುಗತೊಡಗಿತು. ಬೆಳಗಿನ ಜಾವ ನನ್ನ ತೊಡೆಯ ಮೇಲೇ ಸತ್ತಿತು.

ಡಬ್ಬಿಯ ಮೇಲೆ ಬೆಕ್ಕಿಗೆ ಬಳಸಬಾರದೆಂದು ಸಣ್ಣಕ್ಷರದಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಅದರಲ್ಲಿದ್ದದ್ದು ಪರ್ಮೆಥ್ರಿನ್. ನಾಯಿಗೆ ಔಷಧ, ಬೆಕ್ಕಿಗೆ ವಿಷ. ನಮ್ಮ ಯಕೃತ್ತು ಕರಗಿಸಿ ಹೊರಹಾಕುವ ಹಲವು ವಸ್ತುಗಳನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಮಾತ್ರೆ ಒಂದೇ ಬೆಕ್ಕನ್ನು ಕೊಲ್ಲಬಲ್ಲದು. ಬಾಣಂತಿ ಮನೆಯೆಂದು ಹೊತ್ತು ಹೊತ್ತಿಗೆ ಸುರಿದು ಒರೆಸುವ ಕಪ್ಪು ಫಿನಾಯಿಲ್ ಕೂಡ ಅಷ್ಟೇ. ಬೆಕ್ಕು ಒದ್ದೆ ನೆಲದಲ್ಲಿ ನಡೆದು ಆಮೇಲೆ ಪಾದ ನೆಕ್ಕುತ್ತದೆ. ನುಸಿಗುಳಿಗೆ ಬೆಕ್ಕಿಗೂ ಕೆಟ್ಟದ್ದು, ಕೆಲವು ಹಸುಗೂಸುಗಳ ರಕ್ತಕ್ಕೂ ಕೆಟ್ಟದ್ದು. ಮಗುವಿನ ಬಟ್ಟೆಯ ನಡುವೆ ಅದನ್ನು ಇಡಲೇಬೇಡಿ. ಮಗುವಿರುವ ಮನೆಯ ನೆಲಕ್ಕೆ ಸೋಪಿನ ನೀರು ಸಾಕು.

ತೆನಾಲಿಯ ಬೆಕ್ಕು, ನಮ್ಮ ಮೊಸರನ್ನ

ವಿಜಯವಾಡದಿಂದ ರೈಲಿನಲ್ಲಿ ಸ್ವಲ್ಪವೇ ದೂರದ ತೆನಾಲಿಯ ರಾಮಕೃಷ್ಣನ ಕಥೆ ನಿಮಗೆಲ್ಲ ಗೊತ್ತು. ಕೃಷ್ಣದೇವರಾಯ ಇಲಿಕಾಟಕ್ಕೆ ಬೆಕ್ಕನ್ನೂ, ಅದಕ್ಕೆ ಹಾಲಿಗೆಂದು ಹಸುವನ್ನೂ ಕೊಟ್ಟ. ತೆನಾಲಿರಾಮ ಕುದಿಯುವ ಹಾಲಿಟ್ಟ, ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ನಗುವ ಕಥೆಯೇ. ಆದರೆ ದೊಡ್ಡ ಬೆಕ್ಕಿಗೆ ಹಾಲು ಬೇಕಿಲ್ಲ ಎನ್ನುವುದು ಮಾತ್ರ ನಿಜ! ಬಹಳಷ್ಟು ಬೆಕ್ಕುಗಳಿಗೆ ದೊಡ್ಡದಾದ ಮೇಲೆ ಹಸುವಿನ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಹಸುಗೂಸಿರುವ ಮನೆಯಲ್ಲಿ ಬೆಕ್ಕಿನ ಭೇದಿ ಯಾರಿಗೆ ಬೇಕು? ನೀರಿಡಿ.

ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿಗೆ ಮೊಸರನ್ನವೇ ಊಟ. ಇಲಿ ಹಿಡಿಯುವ ಹಳ್ಳಿಯ ಬೆಕ್ಕಿಗೆ ಅದು ನಡೆಯುತ್ತದೆ. ಫ್ಲಾಟಿನಲ್ಲಿ ಮುಚ್ಚಿಟ್ಟ ಬೆಕ್ಕಿಗೆ ನಡೆಯುವುದಿಲ್ಲ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶವಿಲ್ಲದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಅಡುಗೆಮನೆಗೆ ಮೀನು ತರಲಾರದವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಆಹಾರ ತನ್ನಿ. ವಿಶಾಖಪಟ್ಟಣದ ಮೀನುಗಾರಿಕೆ ಬಂದರಿನಿಂದ ಮೀನು ತರುವವರು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ, ಮುಳ್ಳು ತೆಗೆದು ಕೊಡಿ. ಹಸಿ ಮಾಂಸ ಬೇಡವೇ ಬೇಡ, ಟಾಕ್ಸೊ ಬೆಕ್ಕಿಗೆ ಬರುವ ದಾರಿಗಳಲ್ಲಿ ಅದೂ ಒಂದು.

ಬೇಡ ಎನ್ನಬೇಕಾದಾಗ

ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಮನೆಯಲ್ಲಿ ಆಸ್ತಮಾ ಇರುವವರು, ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರು, ಬೇರೆ ಜಾಗವೇ ಇಲ್ಲದ ಒಂದು ಕೋಣೆಯ ಮನೆ, ಟ್ರೇ ಶುಚಿ ಮಾಡಲು ಯಾರೂ ಇಲ್ಲದ ಸಂಸಾರ: ಇಂಥಲ್ಲಿ ಬೆಕ್ಕನ್ನು ಒಳಗೆ ಬಿಡಬೇಡಿ. ಅದಕ್ಕಾಗಿ ನೊಂದುಕೊಳ್ಳಲೂ ಬೇಡಿ. ಜೊಲ್ಲು ಸುರಿಸುತ್ತಾ, ತೂರಾಡುತ್ತಾ, ಕಾರಣವಿಲ್ಲದೆ ಮೈಮೇಲೆ ಬರುವ ಬೆಕ್ಕಿನ ಹತ್ತಿರವೂ ಹೋಗಬೇಡಿ.

ಒಳಗೆ ಸೇರಿಸುವುದೊಂದೇ ದಯೆಯಲ್ಲ. ಬಾಗಿಲಿನಿಂದ ದೂರದಲ್ಲಿ ನೀರು, ಊಟ ಇಡಬಹುದು. ವಿಶಾಖಪಟ್ಟಣದಲ್ಲಾದರೆ 1996ರಿಂದ ಕೆಲಸ ಮಾಡುತ್ತಿರುವ ವಿ.ಎಸ್.ಪಿ.ಸಿ.ಎ. ಎಂಬ ಪ್ರಾಣಿದಯಾ ಸಂಘವಿದೆ. ಪಶುವೈದ್ಯರ ಹತ್ತಿರ ಒಯ್ದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅದು ದೊಡ್ಡ ಉಪಕಾರ. ಬೆಕ್ಕಿನ ಬಸಿರು ಒಂಬತ್ತು ವಾರದ್ದಷ್ಟೇ, ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಬಸುರಾಗಬಲ್ಲದು. ಆದರೆ ಸಾಕಿಕೊಂಡ ಬೆಕ್ಕನ್ನು ಚೀಲದಲ್ಲಿ ತುಂಬಿ ಬೀಚ್ ರಸ್ತೆಯಲ್ಲಿ ಬಿಟ್ಟು ಬರುವುದು ಪಾಪ ಮಾತ್ರವಲ್ಲ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಒಳಗೆ ಬಿಡುವ ಮೊದಲೇ ಯೋಚಿಸಿ ಎನ್ನುವುದು ಅದಕ್ಕೇ.

ಪಂಚತಂತ್ರದಲ್ಲಿ ತೊಟ್ಟಿಲ ಕೂಸನ್ನು ಹಾವಿನಿಂದ ಕಾಪಾಡಿದ ಮುಂಗುಸಿಯನ್ನು, ಬಾಯಲ್ಲಿ ರಕ್ತ ಕಂಡದ್ದೇ ತಡ, ಅವಸರದಲ್ಲಿ ಕೊಂದ ಕಥೆಯಿದೆ. ಅಷ್ಟು ಅವಸರದ ಭಯವೂ ಬೇಡ, ನಾನು ಡಬ್ಬಿ ಓದದೆ ಮಾಡಿದಂಥ ಅವಸರದ ಪ್ರೀತಿಯೂ ಬೇಡ.

ತಂಗಿಯ ಮನೆಯ ಮರಿಗಳಲ್ಲಿ ಒಂದು ಉಳಿಯಲಿಲ್ಲ. ಎರಡನ್ನು ಎರಡು ತಿಂಗಳು ತುಂಬಿದ ಮೇಲೆ ಅದೇ ಬೀದಿಯ ಎರಡು ಮನೆಯವರು ಒಯ್ದರು. ತಾಯಿಗೆ ಶಸ್ತ್ರಚಿಕಿತ್ಸೆಯಾಯಿತು, ಲಸಿಕೆಯಾಯಿತು, ‘ಬುಡಮ್ಮ’ ಎಂಬ ಹೆಸರೂ ಆಯಿತು. ಈಗ ಮಗು ನಡೆಯುತ್ತದೆ, ಬೆಕ್ಕು ಅದಕ್ಕೆ ಸಿಗದ ಎತ್ತರದಲ್ಲಿ ಕೂರುತ್ತದೆ. ಮಲಗುವ ಕೋಣೆಯ ಜಾಲರಿ ಬಾಗಿಲು ಈಗಲೂ ಹಾಗೇ ಇದೆ. ದಾವಣಗೆರೆಯ ಅತ್ತೆ ಫೋನು ಮಾಡಿದಾಗ ಮೊದಲು ಮೊಮ್ಮಗನನ್ನು, ಆಮೇಲೆ ಮೆಲ್ಲಗೆ, “ಅದು ಉಂಡಿತೇನಮ್ಮ?” ಅಂತ ಇನ್ನೊಬ್ಬರನ್ನೂ ವಿಚಾರಿಸುತ್ತಾರಂತೆ.

ಕತ್ತರಿಸಿ ಅಂಟಿಸಿಕೊಳ್ಳಿ

* ಮೊದಲ ಎರಡು ವಾರ ಬೆಕ್ಕಿಗೆ ಬೇರೆ ಜಾಗ, ಬೇರೆ ಕೈ.
* ಮಗು ಮಲಗುವ ಕೋಣೆಗೆ ಬೆಕ್ಕು ಎಂದಿಗೂ ಬೇಡ.
* ಟ್ರೇ ದಿನಕ್ಕೊಮ್ಮೆ ಶುಚಿ, ಕುದಿಯುವ ನೀರು, ಆಮೇಲೆ ಸೋಪಿನಲ್ಲಿ ಕೈ.
* ಪರಚಿದರೆ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆ.
* ನಾಯಿಯ ಔಷಧ, ಪ್ಯಾರಸಿಟಮಾಲ್, ಫಿನಾಯಿಲ್, ನುಸಿಗುಳಿಗೆ ಬೆಕ್ಕಿನಿಂದ ದೂರ.
* ಹಾಲಲ್ಲ, ನೀರು.

ನಿಮ್ಮ ಮನೆಯ ಬೆಕ್ಕು, ಕೂಸುಗಳ ಸಮಾಚಾರ ನಮಗೂ ಬರೆಯಿರಿ. ಮತ್ತೆ ಗಾಳಿಯಲ್ಲಿ ಸಿಗೋಣ. ಅಲ್ಲಿಯವರೆಗೆ, ನಮಸ್ಕಾರ.